ಅನುಮತಿಯಿಲ್ಲದೆ ಗುಣವಾದ ಮುಖ

ನಮ್ಮ ಊರಿನ ನೀರು ಸರಬರಾಜು ಕಚೇರಿಗೆ ಬರುತ್ತಿದ್ದ ದೂರುಗಳಿಗೆ ಕಾರಣ ನೀರಿಲ್ಲದಿರುವುದಲ್ಲ, ದೂರು ಸ್ವೀಕರಿಸುವವರ ಮುಖ ಎಂಬುದು ಅಧಿಕೃತವಾಗಿ ಸಾಬೀತಾಗಿದೆ. ಕಳೆಗುಂದಿದ ಮುಖ ಕಂಡರೆ ಸಾರ್ವಜನಿಕರಿಗೆ ಒಣಗಿದ ನಲ್ಲಿ ನೆನಪಾಗುತ್ತದೆ ಎಂದು ತಜ್ಞರ ವರದಿ ಹೇಳಿತು. ಪೈಪು ಬದಲಿಸುವುದಕ್ಕಿಂತ ಚರ್ಮ ಬದಲಿಸುವುದು ಅಗ್ಗ ಎಂದೂ ಹೇಳಿತು. ಆದ್ದರಿಂದ ದೂರಿನ ಕಿಟಕಿಯಲ್ಲಿ ಕೂರುವವರೆಲ್ಲ ಕೆಮಿಕಲ್ ಪೀಲ್, ಅಂದರೆ ಮುಖಕ್ಕೆ ಆಮ್ಲ ಸವರಿ ಮೇಲಿನ ಪದರ ಸುಲಿಯುವ ಚಿಕಿತ್ಸೆ, ಮಾಡಿಸಿಕೊಳ್ಳತಕ್ಕದ್ದು ಎಂದು ಸುತ್ತೋಲೆ ಬಂತು.

ನನ್ನ ಸೊಸೆ ಅಲ್ಲಿ ತಾತ್ಕಾಲಿಕ ಗುಮಾಸ್ತೆ. ಆ ತಿಂಗಳೇ ಅವಳ ಕೆಲಸ ಖಾಯಂ ಆಗಬೇಕಿತ್ತು. ನಾನು ರಸಾಯನಶಾಸ್ತ್ರದ ಪದವೀಧರೆ. ಚರ್ಮದ ಡಾಕ್ಟರ ಬಳಿ ಆಮ್ಲದ ಪ್ರಮಾಣ ವಿಚಾರಿಸಿ, ತೃಪ್ತಿಯಾದ ಮೇಲೇ ಅವಳನ್ನು ಕಳುಹಿಸಿದೆ.

ಕೆಲವೇ ದಿನಗಳಲ್ಲಿ ಎಲ್ಲರ ಮುಖವೂ ಹಳೇ ಗೋಡೆಯ ಸುಣ್ಣದಂತೆ ಏಳತೊಡಗಿತು. ಖಾಲಿ ಕೊಡ ಹಿಡಿದು ಜಗಳಕ್ಕೆ ಬಂದವರು ಕಿಟಕಿಯಲ್ಲೇ ತಣ್ಣಗಾದರು.

"ಅಯ್ಯೋ, ಏನಮ್ಮಾ ಇದು? ನಿಮ್ಮನೇಲೂ ನೀರಿಲ್ವಾ?" ಎಂದು ಅಜ್ಜಿಯೊಬ್ಬರು ಸೊಸೆಯನ್ನು ಕೇಳಿದರಂತೆ.

"ಇಲ್ಲ ಅಜ್ಜಿ."

"ಹಾಗಾದ್ರೆ ನಂದೇನೂ ದೂರಿಲ್ಲ ಬಿಡು."

ದೂರುಗಳು ನಿಂತವು. ಚಿಕಿತ್ಸೆಯ ಉದ್ದೇಶ 'ಕಾಂತಿ' ಎಂದಿದ್ದುದನ್ನು 'ಸಿಪ್ಪೆ ಏಳುವಿಕೆ' ಎಂದು ತಿದ್ದಿ, ಅಭಿಯಾನ ಯಶಸ್ವಿಯಾಯಿತೆಂದು ಘೋಷಿಸಲಾಯಿತು.

ಎಡವಟ್ಟಾದದ್ದು ನಮ್ಮ ಮನೆಯಲ್ಲಿ. ಸೊಸೆಯ ಮುಖ ಎಲ್ಲರಿಗಿಂತ ಮೊದಲು ವಾಸಿಯಾಗಿ ಹೊಳೆಯತೊಡಗಿತು. ಅವಳ ಕಿಟಕಿಯೊಂದರಲ್ಲೇ ಜನ ಮತ್ತೆ ಕೂಗಾಡಿದರು. ಕೂಡಲೇ ನೋಟಿಸು ಬಂತು: "ತಾವು ಮೇಲಧಿಕಾರಿಗಳ ಪೂರ್ವಾನುಮತಿಯಿಲ್ಲದೆ ಗುಣವಾಗಿರುವುದು ಕಂಡುಬಂದಿದೆ. ತಮ್ಮ ಸೇವೆಯನ್ನು ಖಾಯಂಗೊಳಿಸುವುದನ್ನು ಏಕೆ ತಡೆಹಿಡಿಯಬಾರದು ಎಂಬುದಕ್ಕೆ ಸಮಜಾಯಿಷಿ ನೀಡತಕ್ಕದ್ದು."

"ಇನ್ನೊಂದ್ಸಲ ಆಮ್ಲ ಹಚ್ಚಿಸ್ಕೊಂಡ್ಬಿಡ್ತೀನಿ ಅತ್ತೆ," ಎಂದು ಅವಳು ಕಣ್ಣು ತುಂಬಿಕೊಂಡಳು.

"ಎಳೇ ಚರ್ಮದ ಮೇಲಾ? ತಲೆ ನೆಟ್ಟಗಿದೆಯಾ ನಿಂಗೆ?"

ಮಗ ಪತ್ರಿಕೆಯಿಂದ ತಲೆಯೆತ್ತಿದ. "ಮುಖ ಚೆನ್ನಾಗೇ ಇದೆಯಲ್ಲಮ್ಮಾ."

"ಅದೇ ಕಣೋ ತೊಂದರೆ. ನೀನು ಸುಮ್ನೆ ಕೂತ್ಕೋ."

ಮೈದಾ ಹಿಟ್ಟನ್ನು ತೆಳ್ಳಗೆ ಕಾಯಿಸಿ, ಆರಿಸಿ, ಅವಳ ಕೆನ್ನೆಗೆ ಸವರಿ ಫ್ಯಾನಿನ ಕೆಳಗೆ ಕೂರಿಸಿದೆ. ಒಣಗಿದ ಹಾಗೆ ಅಂಚು ಬಿಟ್ಟುಕೊಂಡು ಮೇಲೆದ್ದಿತು. ಆಮ್ಲಕ್ಕಿಂತ ಸೊಗಸಾಗಿ ಎದ್ದಿತು ಎಂದರೆ ಜಂಬವಾಗುತ್ತದೆ. ಆದರೂ ದಾಖಲೆಗೆ ಇರಲಿ.

ಮರುದಿನ ಕಚೇರಿಯಲ್ಲಿ ಮೇಲಧಿಕಾರಿಗಳು ಖುದ್ದಾಗಿ ಅವಳ ಕಿಟಕಿಗೆ ಬಂದು ಕೆನ್ನೆ ಪರಿಶೀಲಿಸಿದರಂತೆ. ಅಷ್ಟರಲ್ಲಿ ಚೂರೊಂದು ಮೇಜಿನ ಮೇಲೆ ಬಿತ್ತು. ಅದನ್ನೆತ್ತಿ ಬೆರಳಲ್ಲಿ ಉಜ್ಜಿ ನೋಡಿದರು.

"ಇದು ಹಿಟ್ಟಲ್ವೇನಮ್ಮಾ?"

ಸೊಸೆ ಕೆನ್ನೆ ಮುಚ್ಚಿಕೊಂಡಳು. "ಹೌದು ಸಾರ್. ಅತ್ತೆ ಹಚ್ಚಿದ್ದು."

"ಎಷ್ಟು ಹೊತ್ತು ನಿಲ್ಲುತ್ತೆ?"

"ಸಂಜೆ ತನಕ ಸಾರ್."

"ಡಾಕ್ಟರು ಎಬ್ಬಿಸಿದ ಸಿಪ್ಪೆ ಮಧ್ಯಾಹ್ನದೊಳಗೇ ಉದುರಿ ಹೋಗುತ್ತೆ," ಎಂದು ಅವರು ತಾವೂ ಸುಲಿಸಿಕೊಂಡಿದ್ದ ಮೂಗು ಮುಟ್ಟಿಕೊಂಡರು. "ಎಲ್ಲರಿಗೂ ಆಗೋಷ್ಟು ಮಾಡಿಕೊಡ್ತಾರಾ ನಿಮ್ಮತ್ತೆ?"

ಸೊಸೆಯ ಕೆಲಸ ಖಾಯಂ ಆಯಿತು. ನಿವೃತ್ತಿಯವರೆಗೆ ಕಚೇರಿ ವೇಳೆಯಲ್ಲಿ ಮುಖದ ಸಿಪ್ಪೆ ಏಳುತ್ತಿರತಕ್ಕದ್ದು, ರಜಾ ದಿನಗಳಲ್ಲಿ ಸ್ವಂತ ಮುಖಕ್ಕೆ ಆಕ್ಷೇಪಣೆಯಿಲ್ಲ ಎಂದು ಆದೇಶದಲ್ಲಿದೆ. ಬೆಳಿಗ್ಗೆ ಗುಮಾಸ್ತರೆಲ್ಲ ನಮ್ಮ ನಡುಮನೆಯಲ್ಲಿ ಸಾಲಾಗಿ ಕೂತು ಕೆನ್ನೆ ಒಡ್ಡುತ್ತಾರೆ. ಹಿಟ್ಟು ಕಾಯಿಸಲು ನೀರು ಬೇಕೆಂದು ನಾನು ಬರೆದು ಕೊಟ್ಟ ಮೇಲೆ, ದಿನವೂ ಒಂದು ಟ್ಯಾಂಕರ್ ನಮ್ಮ ಬಾಗಿಲಿಗೆ ಬರುತ್ತಿದೆ. ಊರಿನಲ್ಲಿ ನೀರಿರುವ ಮನೆ ಈಗ ನಮ್ಮದೊಂದೇ. ಈವರೆಗೆ ಯಾರೂ ದೂರು ಕೊಟ್ಟಿಲ್ಲ.