ನಮ್ಮ ನಾದಿನಿಗೆ ಮುಖಗಳು ಕಾಣುವುದಿಲ್ಲ

ನಮ್ಮ ನಾದಿನಿ ಎಂ.ಬಿ.ಬಿ.ಎಸ್. ಮುಗಿಸಿದ ಡಾಕ್ಟರು. ಆದರೆ ಅವಳಿಗೆ ಮನುಷ್ಯರ ಮುಖಗಳೇ ಕಾಣುವುದಿಲ್ಲ! ಕಣ್ಣಿಗೇನೂ ಆಗಿಲ್ಲ, ದೇವರ ದಯೆ. ಅವಳ ನೋಟ ಸದಾ ಜನರ ಕಾಲ ಮೇಲೆ. ಯಾರಾದರೂ ಸ್ವಲ್ಪ ಸೊಟ್ಟಗೆ ನಡೆದರೆ ಸಾಕು, ಕನಸಿನಲ್ಲಿದ್ದವಳಂತೆ ಅವರ ಹಿಂದೆಯೇ ಊರ ತುದಿಯವರೆಗೆ ಹೋಗಿಬಿಡುತ್ತಾಳೆ.

ಒಮ್ಮೆ ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಯಜಮಾನರು, ಅಂದರೆ ಅವಳ ಸ್ವಂತ ಅಣ್ಣ, ಎದುರಿಗೇ ನಿಂತಿದ್ದರೂ ಗುರುತು ಹತ್ತಲಿಲ್ಲ. ಸಿಟ್ಟಾಗಿ ಅವರು ತಿರುಗಿ ನಡೆದರು ನೋಡಿ, ಓಡಿ ಬಂದು ಕೈ ಹಿಡಿದಳು.

"ಅಣ್ಣಾ, ಸುಮ್ನ ಮುಖಾ ತೋರಿಸ್ಕೋಂತ ನಿಂತ್ರ ನಾ ಹೆಂಗ ಗುರ್ತ ಹಿಡೀಲಿ?"

ನೋಡಲು ಬಂದ ವರನಿಗೂ "ಒಂದ್ ನಾಕ್ ಹೆಜ್ಜಿ ನಡೀರಿ" ಎಂದಳು. ನಡೆದವನು ತಿರುಗಿ ಬರಲೇ ಇಲ್ಲ! ಮುಂದಿನ ವಾರ ಅವನ ತಾಯಿ ಬಂದರು, ಮೊಣಕಾಲು ತೋರಿಸಲು.

ಇಂಥವಳು ಪಿ.ಜಿ. ಪ್ರವೇಶ ಪರೀಕ್ಷೆ ಪಾಸಾದಳು. ಯಾವ ವಿಭಾಗ ಬೇಕೆಂದು ಕಂಪ್ಯೂಟರಿನಲ್ಲಿ ತುಂಬಬೇಕಿತ್ತು. ಅವಳಿಗೆ ಎಲುಬಿನ ವಿಭಾಗವೇ ಬೇಕು. ನಮ್ಮ ಅತ್ತೆಯವರಿಗೆ ಹೆರಿಗೆ ವಿಭಾಗ.

"ಎಲುಬಿನ ಕಡೆ ಹೆಣ್ಮಕ್ಕಳು ಎಷ್ಟ ಮಂದಿ ಅದಾರ?" ಅತ್ತೆ ಕೇಳಿದರು.

"ನಾ ಹೋದ್ರ ಒಬ್ಬಾಕಿ."

"ಅಲ್ಲಿ ಬರೇ ಗಂಡಸರು, ಅದೂ ದೊಡ್ಡ ಡಾಕ್ಟರ ಮಕ್ಕಳು. ದುಂಡಸಿ ಊರಾಗಿನ ರೈತರ ಮನಿ ಹುಡುಗಿ ಸುತ್ತಿಗಿ ಹಿಡದು ಎಲುಬು ಬಡೀತೀಯೇನ?"

"ಕಟ್ಟಿಗಿ ಒಡ್ಯಾಕ ನಾವು ಆಗ್ತೇವಿ, ಎಲುಬು ಜೋಡ್ಸಾಕ ಆಗೂದಿಲ್ಲೇನಬೇ?"

ವಾದ ಮುಗಿಯಲಿಲ್ಲ. ಅತ್ತೆ ದೇವರ ಜಗಲಿಯ ಮೇಲಿನ ಬಸವಣ್ಣನನ್ನೇ ಕೇಳಿದರು. ನೆತ್ತಿಯ ಹೂವು ದೇವರ ಬಲಕ್ಕೆ ಬಿದ್ದರೆ ಹೆರಿಗೆ, ಎಡಕ್ಕೆ ಬಿದ್ದರೆ ಎಲುಬು. ನಾದಿನಿಯೂ ಒಪ್ಪಿದಳು. ನಾನೇ ಹೂವಿಟ್ಟೆ. ಬಲಕ್ಕೇ ಬಿತ್ತು! ಬೀಳದೆ ಏನು? ನಾನಿಟ್ಟ ಹೂವು ಇಪ್ಪತ್ತು ವರ್ಷದಿಂದ ದಿನವೂ ಬಲಕ್ಕೇ ಬೀಳುತ್ತದೆ. ಹಾಲು ಒಡೆಯದಿದ್ದದ್ದು, ಬಸ್ಸು ಸಿಕ್ಕಿದ್ದು, ಯಜಮಾನರ ಜ್ವರ ಇಳಿದದ್ದು, ಎಲ್ಲವೂ ಆ ಪ್ರಸಾದದಿಂದಲೇ ಎಂದು ಎಣಿಸಿಕೊಂಡು ಬಂದವಳು ನಾನು.

ನಾದಿನಿ ಬಿದ್ದ ಹೂವನ್ನು ನೋಡಿದಳು, ನನ್ನ ಎಡಗಾಲನ್ನು ನೋಡಿದಳು. ಏನೋ ಹೇಳಲು ತೆರೆದ ಬಾಯಿ ಮುಚ್ಚಿಕೊಂಡು, "ಆತು, ಹೆರಿಗೀನ ತುಂಬ್ತೇನಿ" ಎಂದಳು.

ಮರುದಿನ ಮುಂಜಾನೆ, ಹೊರಗೆ ಮಂಜು, ಒಳಗೆ ಊದಿನಕಡ್ಡಿಯ ಹೊಗೆ. ಹೂವೇರಿಸಲು ಕೈ ಎತ್ತಿದಾಗ ದೀಪದ ಬೆಳಕಿಗೆ ಗೋಡೆಯ ಮೇಲೆ ನನ್ನ ನೆರಳು ಕಂಡಿತು. ಚಿಕ್ಕಂದಿನಲ್ಲಿ ಮುರಿದು ಗಿಡ್ಡವಾದ ಎಡಗಾಲು. ಮೈಯೆಲ್ಲ ಆ ಕಡೆ ವಾಲಿತ್ತು, ಕೈಯೂ ವಾಲಿತ್ತು. ಎದುರು ನಿಂತ ನನ್ನ ಎಡವೇ ಬಸವಣ್ಣನ ಬಲ!

"ಅತ್ತೀ, ನಿನ್ನೆ ಅದು ದೇವರ ಮಾತಲ್ರಿ. ನನ್ನ ಕಾಲಿನ ಮಾತು. ಹೂವು ನಾನ ವಾಲಿಸಿ ಇಡ್ತೇನಿ."

ಅತ್ತೆ ಮಗಳ ಕಡೆ ತಿರುಗಿದರು. "ನಿನಗ ಗೊತ್ತಿತ್ತಲ್ಲ, ಯಾಕ ಹೇಳಲಿಲ್ಲ?"

"ಬಲಕ್ಕ ಬಿತ್ತಂತ ವೈನಿ ದಿನಾ ಖುಷಿ ಪಡತಾರಬೇ. ಅದನ್ನ ಹೆಂಗ ಕಸಗೊಳ್ಳಲಿ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೋಗು, ನಿನ್ನ ಎಲುಬನ್ನ ಬರಕೋ ಹೋಗು!"

ಕಾಲೇಜಿಗೆ ಹೋಗುವ ಮುನ್ನ ಅವಳು ನನ್ನ ಕಾಲು ಅಳೆದು, ಎರಡು ಬೆರಳು ದಪ್ಪದ ಹಲಗೆ ಮಾಡಿಸಿ ಜಗಲಿಯ ಮುಂದಿಟ್ಟಳು. ಎಡಗಾಲನ್ನು ಅದರ ಮೇಲಿಟ್ಟರೆ ನೆಟ್ಟಗೆ ನಿಲ್ಲುತ್ತೇನೆ. ಹೂವು ಈಗ ತನಗೆ ತೋಚಿದ ಕಡೆ ಬೀಳುತ್ತದೆ.

ನಾನು ಮದುವೆಯಾಗಿ ಬಂದಾಗ ಅವಳಿಗೆ ಆರು ವರ್ಷ. ಅಂದಿನಿಂದಲೂ ಅವಳು ನನ್ನ ಎಡಗಡೆಯೇ ನಡೆದಳು, ಹೆಗಲು ನನ್ನ ಕೈಗೆ ಸಿಗುವಂತೆ. ಇಷ್ಟೆಲ್ಲ ಎಣಿಸಿದ ನಾನು ಅದೊಂದನ್ನು ಎಣಿಸಿಯೇ ಇರಲಿಲ್ಲ.