ಕೆಂಪಿಗೇರುವ ಮುಳ್ಳು

ಮುಂಬಯಿಯಲ್ಲಿ ಕಾರಿಟ್ಟುಕೊಂಡವರು ಗಾಡಿ ಕೆಟ್ಟು ರಸ್ತೆಯಲ್ಲಿ ನಿಲ್ಲುವುದು ಇದ್ದದ್ದೇ. ಗಾಡಿ ಕೆಡದೆಯೂ ನಿಲ್ಲುವ ಯೋಗ ನನ್ನದು. ಎಂಬತ್ತರ ದಶಕದ ಕೊನೆಯಲ್ಲಿ, ನಾವು ಸಯನ್‌ನಲ್ಲಿದ್ದಾಗ, ಒಂದು ಸೆಕೆಂಡ್‌ಹ್ಯಾಂಡ್ ಕಾರು ಕೊಂಡೆ. ಅದರಲ್ಲಿ ಎಲ್ಲವೂ ಸರಿಯಿತ್ತು, ಒಂದು ಸೆನ್ಸರ್ ಬಿಟ್ಟು. ಎಂಜಿನ್ ಎಷ್ಟು ಕಾದಿದೆ ಎಂದು ಸ್ಟೀರಿಂಗ್ ಮುಂದಿನ ಮುಳ್ಳಿಗೆ ತಿಳಿಸುವ ಪುಟ್ಟ ಸಾಮಾನು ಅದು. ಮನಸ್ಸು ಬಂದಾಗಲೆಲ್ಲ ಸುಳ್ಳು ಹೇಳುತ್ತಿತ್ತು.

೧. ಸೇತುವೆಯ ಮೇಲೆ

ಮೊದಲ ಸಲ ಮುಳ್ಳು ಕೆಂಪು ಗೆರೆ ಮುಟ್ಟಿದ್ದು ದಾದರ್ ಸೇತುವೆಯ ನಟ್ಟನಡುವೆ. ಗಾಬರಿಯಾಗಿ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ. ಹಿಂದೆ ಬಸ್ಸು, ಟ್ಯಾಕ್ಸಿಗಳ ಸಾಲು. ಟ್ರಾಫಿಕ್ ಹವಾಲ್ದಾರ ಏನಾಯ್ತೆಂದು ಕೇಳುತ್ತ ಓಡಿ ಬಂದ.

"ಕಾಯ್ ಝಾಲಂ?"

"ಇಂಜಿನ್ ಗರಂ ಹೋ ಗಯಾ, ಸಾಬ್."

ಆತ ಬಗ್ಗಿ ಇಣುಕಿದ. ಹಬೆಯಿಲ್ಲ, ವಾಸನೆಯಿಲ್ಲ. ಹಿಂದೆ ಹಾರನ್ ಬಡಿಯುತ್ತಿದ್ದವರ ಕಡೆ ಕೈ ತೋರಿಸಿ ಗುಡುಗಿದ: "ಇಂಜಿನ್ ಕೋ ಕುಛ್ ನಹೀಂ ಹುವಾ. ಗರಂ ತೋ ಪೀಛೇವಾಲೇ ಹೋ ಗಯೇ. ಚಲೋ, ನಿಕಾಲೋ!"

೨. ಪಕ್ಕದ ಮನೆಯ ಸಲಹೆ

"ಆ ಸೆನ್ಸರ್ ಬದಲಾಯಿಸಿಬಿಡ್ರೀ" ಎಂದಳು ಹೆಂಡತಿ.

"ಹೊಸದೂ ಹೀಗೇ ಕೈಕೊಡುತ್ತೆ ಅಂತ ಮೆಕ್ಯಾನಿಕ್ಕೇ ಹೇಳಿದಾನೆ. ನಾನಂತೂ ಬದಲಾಯಿಸಲ್ಲ."

ಹಟ ಹಿಡಿದರೆ ನಾನು ಬಿಡುವವನಲ್ಲ, ಅವಳೂ ಅಲ್ಲ. ಕೊನೆಗೆ ಪಕ್ಕದ ಫ್ಲಾಟಿನ ಧಾರವಾಡದ ವ್ಯಾಪಾರಿಯನ್ನು ಕೇಳಿದೆವು. ಅವರ ಬಳಿಯೂ ಹಳೇ ಕಾರಿತ್ತು.

"ನಾ ಆ ಮುಳ್ಳಿನ ವಾಯರ್‍ನ ಕಿತ್ತ ಒಗದೀನ್ರೀ ಸರ. ಆರಾಮ ಅದೀನಿ."

"ಮತ್ತೆ ಎಂಜಿನ್ ಕಾದದ್ದು ಹೇಗೆ ಗೊತ್ತಾಗುತ್ತೆ?"

"ಹೊಗಿ ಬರ್ತದಲ್ಲರೀ!"

೩. ಹೆಣ್ಣು ನೋಡಲು ಹೋದದ್ದು

ನನ್ನ ತಮ್ಮನಿಗೆ ಹೆಣ್ಣು ನೋಡಲು ಗ್ರಾಂಟ್ ರೋಡಿಗೆ ಹೊರಟೆವು. ರಾಹುಕಾಲಕ್ಕೆ ಮುಂಚೆ ತಲುಪಬೇಕಿತ್ತು. ಅರ್ಧ ದಾರಿಯಲ್ಲೇ ಮುಳ್ಳು ಕೆಂಪಿಗೇರಿತು.

"ನಿಲ್ಲಿಸ್ರೀ!" ಎಂದಳು ಹೆಂಡತಿ.

"ಅದರ ಸುಳ್ಳಿಗೆಲ್ಲ ಇನ್ನು ನಿಲ್ಲಿಸಲ್ಲ" ಎಂದು ಹಲ್ಲುಕಚ್ಚಿ ಓಡಿಸಿದೆ.

ಅವತ್ತು ಮಾತ್ರ ಅದು ನಿಜ ಹೇಳಿತ್ತು. ಹುಡುಗಿಯ ಬಿಲ್ಡಿಂಗಿನ ಎದುರು ನಿಲ್ಲುತ್ತಿದ್ದಂತೆ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಮೇಲೆ ಗ್ಯಾಲರಿ ತುಂಬ ನಮ್ಮನ್ನೇ ನೋಡುತ್ತಿದ್ದ ಜನ. ಇಸ್ತ್ರಿ ಅಂಗಿಯ ಮದುಮಗ ಹಬೆಯೊಳಗಿಂದ ಕೆಮ್ಮುತ್ತ ಹೊರಬಂದ.

ಉಪ್ಪಿಟ್ಟು, ಕಾಫಿ ಬಂದವು. ಹುಡುಗಿಯೂ ಬಂದು ಕೂತಳು. "ನಿನಗೇನಾದರೂ ಕೇಳೋದಿದ್ರೆ ಕೇಳಮ್ಮ" ಎಂದರು ಅವಳ ತಂದೆ.

ಅವಳು ತಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಗಾಡಿಯಲ್ಲಿ ಟೆಂಪರೇಚರ್ ತೋರಿಸೋ ಮುಳ್ಳಿಲ್ವಾ?"

"ಇದೆಯಮ್ಮ. ಆದರೆ ಅದನ್ನ ನಂಬೋ ಹಾಗಿಲ್ಲ."

"ನಂಬೋ ಹಾಗಿಲ್ಲದಿದ್ರೆ ಬದಲಾಯಿಸಬಹುದಿತ್ತಲ್ಲ?"

ತಮ್ಮನ ಅಭಿಪ್ರಾಯ ಕೇಳುವಷ್ಟೂ ತಾಳದೆ ನನ್ನ ಹೆಂಡತಿ ಕಾಫಿ ಲೋಟ ಟಕ್ಕೆಂದು ಕೆಳಗಿಟ್ಟು ಎದ್ದು ನಿಂತಳು.

"ಹುಡುಗಿ ನಮಗೆ ಒಪ್ಪಿಗೆ. ನಾಳೇನೇ ಸೆನ್ಸರ್ ಬದಲಾಯಿಸ್ತೀವಿ!"