ಬರ್ರಿ ಅಂದರೆ ಬಂದೇ ಬಿಟ್ಟರು

ನಮ್ಮ ಕಡೆ ಊಟಕ್ಕೆ ಕುಳಿತವರು ಕಣ್ಣಿಗೆ ಬಿದ್ದವರನ್ನೆಲ್ಲ ಕರೆಯುತ್ತಾರೆ. ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿದವನು ದಾರಿಹೋಕನಿಗೂ “ಬರ್ರಿ, ಉಣ್ಣೂಣು” ಎನ್ನುತ್ತಾನೆ. ಸವದತ್ತಿ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಚುರುಮುರಿ ಪೊಟ್ಟಣ ಬಿಚ್ಚಿದರೆ ಮೊದಲು ನಮ್ಮ ಮುಂದೆ ಹಿಡಿದು ಆಮೇಲೆ ತಾನು ಬಾಯಿಗೆ ಹಾಕಿಕೊಳ್ಳುತ್ತಾಳೆ. ಕರೆಯುವುದು ಎಷ್ಟು ಕಡ್ಡಾಯವೋ, “ಆತ್ರಿ, ನಿಮ್ದು ಸಾವಕಾಶ ಆಗ್ಲಿ” ಎಂದು ಮುಂದೆ ಹೋಗುವುದೂ ಅಷ್ಟೇ ಕಡ್ಡಾಯ. ಯಾರ ರೊಟ್ಟಿಯೂ ಕಡಿಮೆಯಾಗದೆ ಇಬ್ಬರ ಮರ್ಯಾದೆಯೂ ಉಳಿಯುವ ಈ ಏರ್ಪಾಡು ಜಗತ್ತಿನ ಎಲ್ಲ ಕಡೆಯೂ ಇದ್ದೀತೆಂದು ನಾನು ತಿಳಿದಿದ್ದೆ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಕೊಲ್ಲಾಪುರದ ಆಚೆ ಏನನ್ನೂ ನೋಡದೆ ಮಕ್ಕಳಿಗೆ ಏಳೂ ಖಂಡ ತೋರಿಸಿದವಳಿಗೆ ಇಷ್ಟಾದರೂ ಧೈರ್ಯ ಬೇಕಲ್ಲ ಎಂದು ನನ್ನ ಯಜಮಾನರು ಹೇಳುತ್ತಿರುತ್ತಾರೆ.

ದೊಡವಾಡದ ಆಚೆಗಿನ ನಮ್ಮ ಹಳ್ಳಿಯ ಶಾಲೆಯಲ್ಲಿ ಹೆಣ್ಣುಮಕ್ಕಳ ಡೊಳ್ಳಿನ ಮೇಳವಿದೆ. ಆ ಮೇಳಕ್ಕೆ ಹೋದ ವರ್ಷ ಜರ್ಮನಿಯ ಹ್ಯಾಂಬರ್ಗ್ ಊರಿನಿಂದ ಕರೆ ಬಂತು. ಬೇರೆ ಬೇರೆ ದೇಶದ ಮಕ್ಕಳು ಸೇರುವ ಸಮ್ಮೇಳನವಂತೆ, ಖರ್ಚೆಲ್ಲ ಅವರದೇ ಅಂತೆ. ಮೇಳದ ಜೊತೆಗೆ ಒಬ್ಬ ಟೀಚರ್ ಬೇಕೆಂದಾಗ, ನಕಾಶೆ ಓದಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನಾನು ಆಯ್ಕೆಯಾದೆ. ಡೊಳ್ಳು ಬಾರಿಸುವುದು ಎರಡನೆಯ ದಿನ. ಮೊದಲ ದಿನದ ಸಂಜೆ ಪ್ರತಿ ಶಾಲೆಯೂ ಒಂದೊಂದು ಮೇಜಿನ ಮೇಲೆ ತನ್ನ ಊರಿನ ತಿನಿಸನ್ನು ಇಟ್ಟು ತೋರಿಸಬೇಕಾಗಿತ್ತು. ಈ ಸುದ್ದಿ ಹಳ್ಳಿಗೆ ಮುಟ್ಟಿದ್ದೇ ತಡ, ತಾಯಂದಿರೆಲ್ಲ ಒಲೆ ಹೊತ್ತಿಸಿದರು. ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಎಲ್ಲ ಸೇರಿ ಒಂದು ದೊಡ್ಡ ಡಬ್ಬಿ ತುಂಬಿತು. ಹೊರಡುವ ದಿನ ನಮ್ಮ ಹೆಡ್‌ಮಾಸ್ಟರು, “ಟೀಚರ್, ಡೊಳ್ಳು ಹರದ್ರ ಹರೀಲಿ, ರೊಟ್ಟಿ ಮುರೀಬಾರ್ದು. ಊರ ಮರ್ಯಾದಿ ಆ ಡಬ್ಬಿ ಒಳಗೈತಿ,” ಎಂದರು.

ಆ ಮರ್ಯಾದೆಯನ್ನು ಮೇಳದ ಶಬಾನಾಳ ಕೈಗೆ ಕೊಟ್ಟೆ. ಯರಗಟ್ಟಿಯ ಡ್ರೈವರ್ ಒಬ್ಬರ ಮಗಳು, ನಮ್ಮೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುವವಳು, ಒಪ್ಪಿಸಿದ ಕೆಲಸವನ್ನು ಬಿಡುವವಳಲ್ಲ. ವಿಮಾನ ಸ್ವಲ್ಪ ಕುಲುಕಿದರೂ ಎದ್ದು ನಿಂತು ಮೇಲಿನ ಗೂಡಿನಲ್ಲಿದ್ದ ಡಬ್ಬಿಯನ್ನು ಮುಟ್ಟಿ ನೋಡುತ್ತಿದ್ದಳು. ಹ್ಯಾಂಬರ್ಗಿನಲ್ಲಿ ಇಳಿದು ಹಾಸ್ಟೆಲ್ ಸೇರಿ, ಸಂಜೆಯವರೆಗೆ ಊರು ನೋಡಿಬರೋಣ ಎಂದು ಹೊರಟಾಗಲೂ ಡಬ್ಬಿ ಅವಳ ಬೆನ್ನ ಮೇಲೆಯೇ ಇತ್ತು. “ರೂಮಿನ್ಯಾಗ ಇಟ್ರ ಯಾರರ ತಿಂದುಗಿಂದಾರ್ರಿ ಟೀಚರ್,” ಎಂದಳು. ನಾನು ಅವಳ ಜಾಣತನ ಮೆಚ್ಚಿ ಬೆನ್ನು ತಟ್ಟಿದೆ.

ಆ ಊರಿನ ನಡುವೆಯೇ ಒಂದು ದೊಡ್ಡ ಕೆರೆಯಿದೆ. ಬೆಳಗಿನಿಂದ ಬೆದರಿದ ಕರುಗಳಂತೆ ಒಬ್ಬರ ಸೆರಗು ಒಬ್ಬರು ಹಿಡಿದು ನಡೆಯುತ್ತಿದ್ದ ಹುಡುಗಿಯರಿಗೆ ಕೆರೆ ಕಂಡೊಡನೆ ಜೀವ ಬಂತು. ದಂಡೆಯ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಕುಳಿತು, ಮಧ್ಯಾಹ್ನಕ್ಕೆಂದೇ ಬೇರೆ ಕಟ್ಟಿಕೊಂಡಿದ್ದ ಬುತ್ತಿ ಬಿಚ್ಚಿದೆವು. ಆಗಲೇ ನಾಯಿ ಹಿಡಿದುಕೊಂಡು ಒಬ್ಬ ಮುದುಕರು ಆ ದಾರಿಯಲ್ಲಿ ಬಂದರು. ಮೇಳದ ಮುಂದಾಳು ರೇಣುಕಾ ರೊಟ್ಟಿ ಮುರಿಯುತ್ತಲೇ ಅಭ್ಯಾಸಬಲದಿಂದ ಕೈ ಚಾಚಿ, “ಬರ್ರಿ ಅಜ್ಜಾರ, ಉಣ್ಣ ಬರ್ರಿ,” ಎಂದಳು. ಅವರಿಗೆ ಕನ್ನಡ ತಿಳಿಯದಿದ್ದರೂ ಕೈ ತಿಳಿಯಿತು. ಮುಖ ಅರಳಿಸಿ ಏನೋ ವಂದನೆ ಹೇಳಿದರು. ಇನ್ನು ಮುಂದೆ ಹೋಗುತ್ತಾರೆ ಎಂದು ನಾವು ನೋಡುತ್ತಿದ್ದರೆ, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ನಮ್ಮ ನಡುವೆ ಕುಳಿತೇಬಿಟ್ಟರು.

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಕರೆದರೆ ಬರುವ ಜನ ಈ ಭೂಮಿಯ ಮೇಲೆ ಇದ್ದಾರೆಂದು ಯಾವ ಭೂಗೋಳದ ಪುಸ್ತಕದಲ್ಲೂ ಬರೆದಿಲ್ಲ. ಮುದುಕರು ಚಟ್ನಿಯ ಖಾರಕ್ಕೆ ಕಣ್ಣೀರು ಒರೆಸಿಕೊಂಡು ಮತ್ತೊಂದು ರೊಟ್ಟಿಗೆ ಕೈ ಚಾಚಿದರು. ಇಷ್ಟರಲ್ಲಿ ಇಬ್ಬರು ಮಕ್ಕಳ ಕೈ ಹಿಡಿದ ತಾಯಿಯೊಬ್ಬಳು ಇದೇನೆಂದು ನೋಡಲು ನಿಂತಳು. “ಕರೀಬ್ಯಾಡ್ರೆ,” ಎಂದು ನಾನು ಪಿಸುಗುಟ್ಟಿದೆ. “ಅವ್ರು ನಿಂತು ನೋಡಾಕ ಹತ್ಯಾರ್ರಿ ಟೀಚರ್. ಅವ್ರ ಮುಂದ ನಾವು ಹ್ಯಾಂಗ ತಿನ್ನೂದು?” ಎಂದು ರೇಣುಕಾ ಅವರನ್ನೂ ಕರೆದಳು. ಅವರೂ ಬಂದರು. ಅವರನ್ನು ನೋಡಿ ಸೈಕಲ್ ಮೇಲೆ ಹೊರಟಿದ್ದ ಕಾಲೇಜು ಹುಡುಗರು ಬಂದರು. ಬುತ್ತಿ ಮುಗಿಯಿತು, ಪಂಕ್ತಿ ಮುಗಿಯಲಿಲ್ಲ. ಎಲ್ಲರ ಕಣ್ಣು ಶಬಾನಾಳ ಡಬ್ಬಿಯ ಮೇಲೆ ಬಿತ್ತು.

“ಅದು ಸಂಜಿಗೆ ಐತಿ,” ಎಂದೆ ನಾನು. “ಮೇಜಿನ ಮ್ಯಾಲೆ ಬರೇ ಅರಿವಿ ಹಾಸೂದೇನು?”

“ಉಣ್ಣಾಕ ಕುಂತವ್ರನ್ನ ಎಬ್ಬಸಾಕ ಬರೂದಿಲ್ರಿ ಟೀಚರ್,” ಎಂದಳು ರೇಣುಕಾ.

ವಿಮಾನದಲ್ಲಿ ಯಾರಿಗೂ ಮುಟ್ಟಗೊಡದ ಡಬ್ಬಿಯನ್ನು ಶಬಾನಾ ಎದೆಗೆ ಅವಚಿಕೊಂಡು ನನ್ನನ್ನು ನೋಡಿದಳು, ಎದುರು ಕೈ ಒಡ್ಡಿ ಕುಳಿತಿದ್ದ ಪುಟ್ಟ ಮಗುವನ್ನು ನೋಡಿದಳು. ಆಮೇಲೆ ಮುಚ್ಚಳ ತೆಗೆದಳು. ಒಂದು ಹೋಳಿಗೆಯೂ ಉಳಿಯಲಿಲ್ಲ. ಹುಡುಗಿಯರು ತಾವು ಅರೆಹೊಟ್ಟೆಯಲ್ಲಿದ್ದು ಬಗ್ಗಿ ಬಗ್ಗಿ ಬಡಿಸಿದರು. ನನಗೆ ಸಿಟ್ಟು ಬರಬೇಕಾಗಿತ್ತು. ಆದರೆ ಬೆಳಗ್ಗೆ ಬಾಯಿ ಬಿಡಲು ಹೆದರಿದ್ದ ನಮ್ಮ ಹುಡುಗಿಯರು ಪರದೇಶದ ಕೆರೆಯ ದಂಡೆಯಲ್ಲಿ ಮನೆಯ ಯಜಮಾನಿಯರಂತೆ ಓಡಾಡುವುದನ್ನು ಕಂಡು ಎದೆ ತುಂಬಿ ಬಂತು. ಸಿಟ್ಟನ್ನು ಹೆಡ್‌ಮಾಸ್ಟರಿಗೇ ಬಿಟ್ಟುಕೊಟ್ಟೆ.

ಸಂಜೆಯ ಸಭಾಂಗಣದಲ್ಲಿ ಬೇರೆ ಶಾಲೆಗಳ ಮೇಜುಗಳು ಮದುವೆಮನೆಯ ಹಾಗೆ ತುಂಬಿದ್ದವು. ನಮ್ಮ ಮೇಜಿನ ಮೇಲೆ ಒಂದು ಇಳಕಲ್ ಸೀರೆ ಹಾಸಿತ್ತು, ಅದರ ಮೇಲೆ ಏನೂ ಇರಲಿಲ್ಲ. ಮೇಲ್ವಿಚಾರಣೆಯ ಎತ್ತರದ ಹೆಂಗಸು ಬಂದು, ನಿಮ್ಮ ತಿನಿಸೆಲ್ಲಿ ಎಂದು ಕೇಳಿದಳು. ನಾನು ಇಂಗ್ಲಿಷ್ ಜೋಡಿಸಿಕೊಳ್ಳುವಷ್ಟರಲ್ಲಿ ರೇಣುಕಾ ಮುಂದೆ ಬಂದು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, “ಮಧ್ಯಾಹ್ನ ನಿಮ್ಮ ಊರಿನವರು ಬಂದರು. ನಾವು ಬಡಿಸಿದೆವು. ಮುಗಿಯಿತು,” ಎಂದಳು. ಅದರಲ್ಲಿ ಕ್ಷಮೆ ಕೇಳುವ ಧ್ವನಿಯೇ ಇರಲಿಲ್ಲ. ಆ ಹೆಂಗಸು ತಿನಿಸಿನ ಹೆಸರು ಬರೆಯುವ ಚೀಟಿಯನ್ನು ಅವಳ ಕೈಗೆ ಕೊಟ್ಟಳು. ರೇಣುಕಾ ಅದರ ಮೇಲೆ ಅದೇ ಇಂಗ್ಲಿಷಿನಲ್ಲಿ, “ನಮ್ಮ ಊಟವನ್ನು ನಿಮ್ಮ ಊರು ಉಂಡಿದೆ. ಉಳಿದವರು ನಮ್ಮ ಊರಿಗೆ ಬನ್ನಿ,” ಎಂದು ಬರೆದು ಸೀರೆಯ ಮೇಲೆ ಇಟ್ಟಳು. ಅದನ್ನು ಓದಲು ಖಾಲಿ ಮೇಜಿನ ಸುತ್ತ ಜನ ಮುತ್ತಿದರು. ಒಬ್ಬಾತ ಯಾವ ತಿಂಗಳು ಬಂದರೆ ಅನುಕೂಲ ಎಂದು ಕೇಳಿದ. ನಾನು ರೂಢಿಯಂತೆ, ಯಾವಾಗ ಬೇಕಾದರೂ ಬನ್ನಿ, ನಮ್ಮ ಮನೆಗೇ ಬನ್ನಿ ಎಂದೆ. ಅವನು ಕೂಡಲೇ ಫೋನ್ ತೆಗೆದು ವಿಳಾಸ ಬರೆದುಕೊಂಡಾಗ ನಾನು ಯಾವ ಊರಿನಲ್ಲಿ ನಿಂತಿದ್ದೇನೆಂದು ನೆನಪಾಯಿತು. ಮನೆಯವರಿಗೆ ಇನ್ನೂ ಹೇಳಿಲ್ಲ.

ಹೆಮ್ಮೆಯಿಂದ ಹೊಟ್ಟೆ ತುಂಬುತ್ತದೆ ಎನ್ನುವವರು ಹಸಿದಿರುವುದಿಲ್ಲ. ಬೇರೆ ಮೇಜಿನವರು ಪ್ರೀತಿಯಿಂದಲೇ ತಿನಿಸು ಮುಂದೆ ಹಿಡಿಯುತ್ತಿದ್ದರು. ಆದರೆ ನಮ್ಮಲ್ಲಿ ಎರಡು ಸಲ “ಬ್ಯಾಡ್ರಿ” ಎಂದು ಮೂರನೆಯ ಒತ್ತಾಯಕ್ಕೆ ಒಪ್ಪುವುದಲ್ಲವೇ? ಅವರು ಒಂದೇ ಸಲ ಕೇಳುತ್ತಾರೆ, ಬೇಡವೆಂದರೆ ನಂಬಿಬಿಡುತ್ತಾರೆ. ಹುಡುಗಿಯರು ಮೊದಲ ಮೇಜಿನಲ್ಲಿ ಮೋಸಹೋದರು, ಎರಡನೆಯದರಲ್ಲಿ ಕಲಿತರು. ಮರ್ಯಾದೆಯ ಹೊಣೆ ಹೊತ್ತ ನಾನು ಮಾತ್ರ ಬ್ರೆಡ್ಡು, ಬಟಾಟೆ, ಕೇಕು ಎಲ್ಲಕ್ಕೂ ನಯವಾಗಿ ತಲೆಯಾಡಿಸುತ್ತ ಹೋಗಿ ಕೊನೆಯ ಮೇಜು ಮುಟ್ಟಿದೆ.

ಅಷ್ಟರಲ್ಲಿ ಶಬಾನಾ ತಟ್ಟೆ ತುಂಬಿಸಿಕೊಂಡು ಬಂದಳು. “ಟೀಚರ್, ತಗೋರಿ.” ನನ್ನ ಬಾಯಿ ತಾನಾಗಿಯೇ, “ಬ್ಯಾಡವಾ, ನೀ ತಿನ್ನು,” ಎಂದಿತು. “ಹೌದೇನ್ರಿ?” ಎಂದು ಅವಳು ಅಲ್ಲೇ ಬಟಾಟೆ ಬಾಯಿಗೆ ಹಾಕಿಕೊಂಡು ರೇಣುಕಾಳ ಕಡೆ ನಡೆದುಬಿಟ್ಟಳು. ಇಷ್ಟು ಬೇಗ ಪರದೇಶ ಕಲಿತ ನನ್ನ ಶಿಷ್ಯೆಯನ್ನು ನೋಡುತ್ತ, ಇನ್ನೆರಡು ಸಲ ಕೇಳಿಯಾಳೆಂದು, ನಾನು ಬರಿ ತಟ್ಟೆ ಹಿಡಿದು ಹೆಮ್ಮೆಯಿಂದ ನಿಂತೇ ಇದ್ದೆ.